ಬೆಳ್ಳಗೇ ಉಳಿದ ಅಕ್ಕಿ

ನಾನು ಸೊಸೆಯಾಗಿ ಬಂದ ನ್ಯಾಮತಿಯ ಮನೆಯಲ್ಲಿ ಕಾಮಾಲೆಗೆ ಔಷಧಿ ಕೊಡುತ್ತಿದ್ದರು. ಕೊಡುತ್ತಿದ್ದವರು ನನ್ನ ಮಾವ. ಅವರಿಗಿಂತ ಮುಂಚೆ ಅವರ ತಂದೆ ಕೊಡುತ್ತಿದ್ದರಂತೆ. ಭಾನುವಾರ ಮತ್ತು ಗುರುವಾರ ಬೆಳಿಗ್ಗೆ ರೋಗಿ ಖಾಲಿ ಹೊಟ್ಟೆಯಲ್ಲಿ ಬರಬೇಕು. ಮಾವ ತಾವೇ ಸೊಪ್ಪು ಕಿತ್ತು ತಂದು, ತಾವೇ ಅರೆದು, ಮೇಕೆ ಹಾಲಿನಲ್ಲಿ ಕದಡಿ ಕುಡಿಸುತ್ತಿದ್ದರು. ಕಾಸು ಮುಟ್ಟುತ್ತಿರಲಿಲ್ಲ. ಸೊಪ್ಪು ಯಾವುದೆಂದು ಸ್ವಂತ ಮಗನಿಗೂ ಹೇಳಿರಲಿಲ್ಲ. ಅರೆದ ಕಲ್ಲನ್ನು ತೊಳೆಯುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಆ ಸೊಪ್ಪು ನಮ್ಮದೇ ಹಿತ್ತಲಿನ ನೆಲನೆಲ್ಲಿ ಎಂದು ಬಂದ ತಿಂಗಳಿಗೇ ನನಗೆ ಗೊತ್ತಾಗಿಹೋಗಿತ್ತು. ಗಂಡಸರು ಕಾಪಾಡುವ ಗುಟ್ಟುಗಳೆಲ್ಲ ಹೀಗೆಯೇ, ಕಲ್ಲು ತೊಳೆಯುವವಳ ಲೆಕ್ಕ ಅವರಿಗಿರುವುದಿಲ್ಲ. ನಾನು ಬಾಯಿ ಬಿಡಲಿಲ್ಲ.

ಬರುವವರಿಗೆ ಬರವಿರಲಿಲ್ಲ. ಸವಳಂಗ, ಸೂರಗೊಂಡನಕೊಪ್ಪದವರು ಮೊದಲ ಬಸ್ಸಿಗೆ ಬರುತ್ತಿದ್ದರು. ಕೆರೆಬಿಳಚಿ ಕಡೆಯವರು ಹಿಂದಿನ ಸಂಜೆಯೇ ಬಂದು ನಮ್ಮ ಜಗಲಿಯಲ್ಲಿ ಮಲಗುತ್ತಿದ್ದರು. ಮಾವ ಒಬ್ಬೊಬ್ಬರನ್ನೇ ಬಾಗಿಲ ಬೆಳಕಿಗೆ ಕೂರಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಆಮೇಲೆ ಉಗುರು, ಆಮೇಲೆ ನಾಲಿಗೆಯ ತಳ. ಅನುಮಾನವಿದ್ದರೆ ಅಕ್ಕಿಯ ಪರೀಕ್ಷೆ. ರೋಗಿಯ ಉಚ್ಚೆಯಲ್ಲಿ ಒಂದು ಹಿಡಿ ಬಿಳಿ ಅಕ್ಕಿ ನೆನೆಹಾಕಿ, ಬೆಳಿಗ್ಗೆ ತೊಳೆದು ನೋಡುವುದು. ಅಕ್ಕಿ ಹಳದಿಯಾಗಿದ್ದರೆ ಕಾಮಾಲೆ, ಬೆಳ್ಳಗೇ ಇದ್ದರೆ ಅಲ್ಲ. ಅಲ್ಲವೆಂದರೆ ಎಷ್ಟು ಗೋಗರೆದರೂ ಔಷಧಿ ಕೊಡುತ್ತಿರಲಿಲ್ಲ. "ನಿನ್ನ ಲಿವರ್ ಚೆನ್ನಾಗೈತೆ, ಬೇರೆ ಏನೋ ಐತೆ, ಡಾಕ್ಟ್ರಿಗೆ ತೋರ್ಸು" ಎಂದು ಕಳಿಸುತ್ತಿದ್ದರು. ಲಿವರ್ ಎಂಬ ಮಾತು ನಮ್ಮ ಮನೆಯಲ್ಲಿ ಉಪ್ಪು ಹುಳಿಯಷ್ಟೇ ಬಳಕೆಯಲ್ಲಿತ್ತು.

ನನ್ನ ತವರು ಜಗಳೂರು. ನನ್ನ ಚಿಕ್ಕಪ್ಪನಿಗೆ ಕಾಮಾಲೆಯಾಗಿ, ಯಾರೋ ಹೇಳಿದರೆಂದು ಅಷ್ಟು ದೂರದಿಂದ ಈ ಮನೆಗೆ ಬಂದಿದ್ದರು. ಮೂರು ಸಲ ಔಷಧಿ ಕುಡಿದು ವಾಸಿಯಾಗಿ, ಹೋಗುವಾಗ ಮನೆಯಲ್ಲಿ ಮದುವೆಗೆ ಬಂದ ಮಗನಿರುವುದನ್ನು ನೋಡಿಕೊಂಡು ಹೋದರು. ಕಾಮಾಲೆಯೇ ನನ್ನ ಮದುವೆಯ ದಲ್ಲಾಳಿ ಎಂದು ನನ್ನ ಗಂಡ ಹೊಸತರಲ್ಲಿ ಕಿಚಾಯಿಸುತ್ತಿದ್ದರು. ಅವರು ಸವಳಂಗದ ಶಾಲೆಯಲ್ಲಿ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅತ್ತೆ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ಹಾಗಾಗಿ ಮನೆಯಲ್ಲಿ ಹಗಲು ಹೊತ್ತು ನಾನು ಮತ್ತು ಮಾವ. ಎಪ್ಪತ್ತರ ದಶಕದ ನಡುವಿಗೆ ಮಗಳು ಹುಟ್ಟಿದ ಮೇಲೆ ನಾನು, ಮಾವ ಮತ್ತು ಅವಳು.

ಇದನ್ನೆಲ್ಲ ಬರೆಯುತ್ತಿರುವುದು ಅವಳ ಬಗ್ಗೆ. ಅವಳು ಏಳು ವರ್ಷಕ್ಕೆ ಸತ್ತಳು. ಬಂದದ್ದು ಫ್ಲೂ ಜ್ವರ, ಕೆಟ್ಟದ್ದು ಲಿವರ್. ಲಿವರಿಗೆ ಔಷಧಿ ಕೊಡುವ ಮನೆಯಲ್ಲಿ.

ಅವಳು ಬಾಯಿಬಡುಕಿ. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಆ ಸಂದಿಯಿಂದ ಗಾಳಿ ಬಿಡುತ್ತ ಮಾತಾಡುತ್ತಿದ್ದಳು. ಅಜ್ಜ ಕಣ್ಣು ನೋಡುವಾಗ ಪಕ್ಕದಲ್ಲೇ ಕೂತು, ಅವರಿಗಿಂತ ಮುಂಚೆ "ಐತೆ!" ಎಂದೋ "ಇಲ್ಲ!" ಎಂದೋ ಕೂಗುತ್ತಿದ್ದಳು. ಬಂದವರಲ್ಲಿ ಕೆಲವರಿಗೆ ಅದು ಇಷ್ಟವಾಗುತ್ತಿರಲಿಲ್ಲ. ಮಾವ ಮಾತ್ರ ನಗುತ್ತಿದ್ದರು. ಮನೆಯಲ್ಲಿ ನಾನು ಸೊಪ್ಪು ಸೋಸುತ್ತಿದ್ದರೆ ಬಂದು ನನ್ನ ರೆಪ್ಪೆಯನ್ನೂ ಎಳೆದು ನೋಡಿ, "ಅವ್ವ, ನಿಂಗೇನಿಲ್ಲ, ಅನ್ನ ಉಣ್ಣು" ಎಂದು ಅಪ್ಪಣೆ ಕೊಡಿಸುತ್ತಿದ್ದಳು. ನಾನು ಬೆನ್ನಿಗೊಂದು ಗುದ್ದು ಕೊಟ್ಟು ಕಳಿಸುತ್ತಿದ್ದೆ. ಮುದ್ದು ಮಾಡುವ ಚಾಳಿ ನನಗಿರಲಿಲ್ಲ. ಆಗ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ, ಅಷ್ಟೆ.

ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಮಳೆಗಾಲ ನಮ್ಮ ಕಡೆ ಫ್ಲೂ ಬಂತು. ಒಬ್ಬರ ಮನೆ ಎಂದಿಲ್ಲ, ಇಡೀ ಬೀದಿಯೇ ಮಲಗಿತು. ಹಾಲು ಹಾಕುವವಳು ಮಲಗಿದಳು, ಅಂಚೆಯವನು ಮಲಗಿದ, ಹೊನ್ನಾಳಿಗೆ ಹೋಗುವ ಬಸ್ಸಿನ ಕಂಡಕ್ಟರು ಕೆಮ್ಮುತ್ತಲೇ ಸೀಟಿ ಊದುತ್ತಿದ್ದ. ನಮ್ಮ ಮನೆಗೆ ಅದನ್ನು ತಂದವರು ನನ್ನ ಗಂಡ, ಶಾಲೆಯಿಂದ. ಅವರು ಎರಡು ದಿನ ನರಳಿ ಎದ್ದರು. ಗಂಡಸರು ನರಳುವ ಪರಿ ನೋಡಿದರೆ ಹೆರಿಗೆಯೇ ವಾಸಿ ಎಂದು ಪಕ್ಕದ ಮನೆಯವಳ ಹತ್ತಿರ ನಗಾಡಿದ್ದೆ. ಆಗ ನನ್ನ ಎರಡನೇ ಮಗುವಿಗೆ ಐದು ತಿಂಗಳು, ಗಂಡುಕೂಸು. ಅದಕ್ಕೆಲ್ಲಿ ತಗಲುತ್ತದೋ ಎಂದು ನನ್ನ ಜೀವವೆಲ್ಲ ಅದರ ಮೇಲೇ ಇತ್ತು. ತಗಲಿದ್ದು ಮಗಳಿಗೆ.

ಮೈ ಕೆಂಡದ ಹಾಗೆ ಸುಡುತ್ತಿತ್ತು. ಕೈಕಾಲು ನೋವೆಂದು ಅಳುತ್ತಿದ್ದಳು. ಮಾವ ಜ್ವರಕ್ಕೆ ಅಂಗಡಿಯ ಗುಳಿಗೆ ಒಪ್ಪುತ್ತಿರಲಿಲ್ಲ, "ಹೊಟ್ಟೆ ಸುಡ್ತಾವೆ" ಎನ್ನುತ್ತಿದ್ದರು. ಲಂಘನ ಹಾಕಿಸಿ, ಮೆಣಸು ತುಳಸಿಯ ಕಷಾಯ ಕುಡಿಸುವುದು ಅವರ ಕ್ರಮ. ನಾನು ಬೆಳೆದದ್ದು ಬೇರೆ ಕ್ರಮದಲ್ಲಿ. ಜಗಳೂರಿನಲ್ಲಿ ನಮ್ಮವ್ವ ತಲೆನೋವಿಗೆ, ಜ್ವರಕ್ಕೆ, ಸೊಂಟ ನೋವಿಗೆ ಒಂದೇ ಬಿಳಿ ಗುಳಿಗೆ ನುಂಗುತ್ತಿದ್ದಳು, ನಮಗೂ ನುಂಗಿಸುತ್ತಿದ್ದಳು. ಕಿರಾಣಿ ಅಂಗಡಿಯಲ್ಲಿ ಬೆಂಕಿಪೊಟ್ಟಣದ ಪಕ್ಕದಲ್ಲೇ ಸಿಗುತ್ತಿತ್ತು. ಆಸ್ಪಿರಿನ್ ಎಂಬ ಹೆಸರು ನನಗೆ ತಿಳಿದದ್ದು ಎಷ್ಟೋ ಆಮೇಲೆ. ತವರಿನಿಂದ ಬರುವಾಗಲೆಲ್ಲ ಒಂದು ಕಟ್ಟು ತಂದು ಟ್ರಂಕಿನಲ್ಲಿ ಸೀರೆಯ ಅಡಿ ಇಟ್ಟಿರುತ್ತಿದ್ದೆ. ಅದರಲ್ಲಿ ಒಂದನ್ನು ಮುರಿದು, ಅರ್ಧವನ್ನು ಪುಡಿ ಮಾಡಿ, ಬೆಲ್ಲದಲ್ಲಿ ಕಲಸಿ ಅವಳಿಗೆ ನೆಕ್ಕಿಸಿದೆ. "ಅಜ್ಜಂಗೆ ಹೇಳಬ್ಯಾಡ" ಎಂದೆ. ಒಂದು ಗಂಟೆಯಲ್ಲಿ ಬೆವರಿ ಜ್ವರ ಇಳಿಯಿತು. ಮತ್ತೆ ಏರಿತು, ಮತ್ತೆ ಕೊಟ್ಟೆ. ನಾಲ್ಕು ದಿನ, ದಿನಕ್ಕೆ ಮೂರು ಸಲ.

ಐದನೇ ದಿನ ಜ್ವರ ಬಿಟ್ಟಿತು. ಎದ್ದು ಕೂತು ಮಂಡಕ್ಕಿ ಕೇಳಿದಳು. ಮಾವ ತಮ್ಮ ಕಷಾಯ ಗೆದ್ದಿತೆಂದರು, ನಾನು ನನ್ನ ಗುಳಿಗೆ ಗೆದ್ದಿತೆಂದುಕೊಂಡೆ. ಇಬ್ಬರೂ ಒಳಗೊಳಗೇ ಹಿಗ್ಗುತ್ತ ಅವಳು ತಿನ್ನುವುದನ್ನು ನೋಡಿದೆವು. ಸೋಮವಾರದಿಂದ ಶಾಲೆಗೆ ಹೋಗು ಎಂದರು ಅವಳ ಅಪ್ಪ. ಹೋಗುವುದಿಲ್ಲವೆಂದು ಮುಖ ಊದಿಸಿಕೊಂಡಳು.

ಆರನೇ ದಿನ ಬೆಳಿಗ್ಗೆ ವಾಂತಿ ಶುರುವಾಯಿತು. ಮೊದಲು ತಿಂದದ್ದು ಬಂತು, ಆಮೇಲೆ ನೀರು, ಆಮೇಲೆ ಏನೂ ಇಲ್ಲದೆ ಹೊಟ್ಟೆ ಹಿಂಡಿ ಹಿಂಡಿ ಓಕರಿಕೆ. ಜ್ವರ ಇರಲಿಲ್ಲ. ಮೈ ತಣ್ಣಗಿತ್ತು. ವಾಂತಿಯ ನಡುವೆ ನಿದ್ದೆಗೆ ಜಾರುತ್ತಿದ್ದಳು. ಗಂಡ ರಜೆ ಹಾಕಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸಿನಲ್ಲಿ ಹೊನ್ನಾಳಿಗೆ ಒಯ್ದರು. ಅಲ್ಲಿ ನಾವು ಯಾವಾಗಲೂ ತೋರಿಸುತ್ತಿದ್ದ ಒಬ್ಬ ವಯಸ್ಸಾದ ಡಾಕ್ಟರಿದ್ದರು. ಅವರು ಬಲಗಡೆ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಬಹಳ ಹೊತ್ತು ಒತ್ತಿ ನೋಡಿದರಂತೆ. "ಲಿವರ್ ಸ್ವಲ್ಪ ಕೈಗೆ ಸಿಗುತ್ತಾ ಇದೆ. ಇದು ನನಗೆ ಸರಿ ಕಾಣುತ್ತಿಲ್ಲ. ಮನೆಗೆ ಹೋಗಬೇಡಿ, ಹೀಗೆಯೇ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದರಂತೆ. ವಾಂತಿಗೆ ಒಂದು ಚುಚ್ಚುಮದ್ದು ಹಾಕಿ, ಒಂದು ಚೀಟಿಯನ್ನೂ ಬರೆದು ಕೊಟ್ಟರು.

ನನ್ನ ಗಂಡ ಮನೆಗೆ ಬಂದರು. ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸು ನ್ಯಾಮತಿಯ ಮೇಲೆಯೇ ಹೋಗುತ್ತದೆ. ಅದೇ ಬಸ್ಸಿನಲ್ಲಿ ಕೂತೇ ಇದ್ದರೆ ಸಾಕಿತ್ತು. ಅವರು ಇಳಿದರು. ಲಿವರ್ ಎಂದ ಮೇಲೆ ಅಪ್ಪನನ್ನು ಒಂದು ಮಾತು ಕೇಳದೆ ಹೇಗೆ ಹೋಗುವುದು? ಬೇರೆ ಯಾವ ಮನೆಯವರಾದರೂ ಇಳಿಯುತ್ತಿರಲಿಲ್ಲ. ಸುತ್ತಿನ ಹತ್ತೂರು ಲಿವರಿನ ಕಾಯಿಲೆಗೆ ಯಾರ ಜಗಲಿಗೆ ಬಂದು ಮಲಗುತ್ತಿತ್ತೋ ಆ ಮನೆಯವರು ನಾವು.

ಮಾವ ಅವಳನ್ನು ಬಾಗಿಲ ಬೆಳಕಿಗೆ ಕೂರಿಸಿದರು. ಅವಳು ಕೂರಲಿಲ್ಲ, ನಾನು ಹಿಂದಿನಿಂದ ಹಿಡಿದುಕೊಂಡೆ. ರೆಪ್ಪೆ ಎಳೆದು ನೋಡಿದರು. ಮೊಸರಿನಷ್ಟು ಬೆಳ್ಳಗಿತ್ತು ಕಣ್ಣು. ಉಗುರು ನೋಡಿದರು, ನಾಲಿಗೆಯ ತಳ ನೋಡಿದರು. ಮತ್ತೊಮ್ಮೆ ಕಣ್ಣು ನೋಡಿದರು.

"ಎಲ್ಲೈತೆ ಅರಿಶಿಣ? ಒಂದು ಗೆರೆ ಇಲ್ಲ. ಲಿವರ್ ಕೆಟ್ರೆ ಕಣ್ಣಾಗೆ ತೋರ್ಸದೆ ಇರ್ತೈತಾ? ಅವ್ರು ಯಾಕೆ ಹಂಗಂದ್ರು?" ಎಂದರು.

"ದಪ್ಪ ಆಗೈತೆ ಅಂದ್ರಪ್ಪ. ಈಗ್ಲೇ ಶಿವಮೊಗ್ಗಕ್ಕೆ ಹೋಗ್ರಿ ಅಂದ್ರು" ಎಂದರು ನನ್ನ ಗಂಡ.

"ಹೋಗಾಕೇನು, ಹೋಗಾನ. ಒಂದಿನ ತಡಿ. ಅಕ್ಕಿ ಇಟ್ಟು ನೋಡಾನ. ಹಳದಿ ಆದ್ರೆ ಎರಡೂ ಮಾಡಾನ, ಔಷಧೀನೂ ಕೊಡಾನ, ಆಸ್ಪತ್ರಿಗೂ ಹೋಗಾನ."

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಮನೆಯಲ್ಲಿ ಎಂಟು ವರ್ಷ ನೋಡಿದ್ದೆ, ಅವರ ಕಣ್ಣು ತಪ್ಪಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಮಧ್ಯಾಹ್ನ ಅವಳು ಒಂದಿಷ್ಟು ಉಚ್ಚೆ ಹೊಯ್ದಳು, ಬಹಳ ಕಡಿಮೆ. ಅದರಲ್ಲಿ ನಾನೇ ಅಕ್ಕಿ ಹಾಕಿಟ್ಟೆ.

ಚುಚ್ಚುಮದ್ದಿಗೋ ಏನೋ ವಾಂತಿ ಕಡಿಮೆಯಾಯಿತು. ಮಲಗಿಯೇ ಇದ್ದಳು. ದಣಿದಿದ್ದಾಳೆ, ಮಲಗಲಿ ಎಂದುಕೊಂಡೆವು. ಬೆಳಿಗ್ಗೆ ಮಾವ ಅಕ್ಕಿಯನ್ನು ತೊಳೆದು ಬಿಳಿ ಪಂಚೆಯ ಮೇಲೆ ಹರವಿ, ಬಿಸಿಲಿಗೆ ಹಿಡಿದು ನೋಡಿದರು. ಒಂದೊಂದೇ ಕಾಳನ್ನು ಬೆರಳಿನಿಂದ ಸರಿಸಿದರು. ಅಕ್ಕಿ ಬೆಳ್ಳಗೇ ಇತ್ತು.

ಮನೆಯವರಿಗೆಲ್ಲ ಜೀವ ಬಂತು. ಮಾವ ನಕ್ಕೇಬಿಟ್ಟರು. "ಲಿವರಿಗೆ ಏನಾಗಿಲ್ಲವ್ವ. ಜ್ವರ ಬಿಟ್ಟ ಪಿತ್ತ. ಜೀರಿಗೆ ನೀರು ಕಾಸಿ ಕುಡ್ಸು" ಎಂದು ನನಗೆ ಹೇಳಿ, ಗುರುವಾರವಾದ್ದರಿಂದ ಜಗಲಿಯಲ್ಲಿ ಕಾಯುತ್ತಿದ್ದವರ ಕಡೆ ಹೋದರು. ಅವತ್ತು ನಾಲ್ಕು ಜನರಿಗೆ ಔಷಧಿ ಕೊಟ್ಟರು. ನಾನು ಕಲ್ಲು ತೊಳೆದೆ.

ಜೀರಿಗೆ ನೀರು ಕುಡಿಸಲು ಎಬ್ಬಿಸಿದಾಗ ಅವಳು ನನ್ನನ್ನು ನೋಡಿದ ರೀತಿ ಬೇರೆಯಾಗಿತ್ತು. ಯಾರೋ ಬೇರೆಯವರನ್ನು ನೋಡುವ ಹಾಗೆ. ಲೋಟವನ್ನು ತಳ್ಳಿದಳು. ಬೈದಳು, ಆ ಬೈಗುಳ ಅವಳಿಗೆ ಗೊತ್ತಿದೆಯೆಂದೇ ನನಗೆ ಗೊತ್ತಿರಲಿಲ್ಲ. ಗಟ್ಟಿಯಾಗಿ ಹಿಡಿದುಕೊಂಡರೆ ಮುಂಗೈಗೆ ಕಚ್ಚಿದಳು. ನಾನು ಕೆನ್ನೆಗೆ ಹೊಡೆದೆ. ಕಾಯಿಲೆಯಿಂದ ಎದ್ದ ಮಗು ಹಟ ಮಾಡುತ್ತದೆ, ಸಲಿಗೆ ಕೊಟ್ಟರೆ ತಲೆಗೇರುತ್ತದೆ ಎಂದುಕೊಂಡೆ. ಹೊಡೆದದ್ದಕ್ಕೆ ಅವಳು ಅಳಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಕಾರು ಗೊತ್ತು ಮಾಡಿಕೊಂಡು ಶಿವಮೊಗ್ಗಕ್ಕೆ ಹೊರಟಾಗ ಮಧ್ಯಾಹ್ನ ದಾಟಿತ್ತು. ದಾರಿಯಲ್ಲಿ ಅವಳು ಸುಮ್ಮನಾದಳು. ಉಸಿರು ಮಾತ್ರ ಜೋರಾಗಿ, ಓಡಿ ಬಂದವಳಂತೆ ಬರುತ್ತಿತ್ತು. ಆಸ್ಪತ್ರೆಯ ಒಳಗೆ ಕೈಗೂಸನ್ನು ಬಿಡುವುದಿಲ್ಲ ಎಂದರು. ಫ್ಲೂ ಬಂದ ಮಕ್ಕಳು ತುಂಬಿದ್ದರು, ಬಿಡದೆ ಇದ್ದದ್ದು ಸರಿಯೇ. ಕೂಸಿಗೆ ಹಾಲು ಕೊಡಬೇಕಾದ್ದರಿಂದ ನಾನು ಹೊರಗೆ ಹುಣಸೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತೆ. ಒಳಗೆ ಹೋದವರು ಮಾವ. ಗಂಡ ಔಷಧಿ, ರಕ್ತ ಎಂದು ಅಂಗಡಿಗೂ ಆಸ್ಪತ್ರೆಗೂ ಓಡಾಡುತ್ತಿದ್ದರು. ಡಾಕ್ಟರು ಏನಾದರೂ ಕೇಳುವುದಿದ್ದರೆ ಮಾವನನ್ನೇ ಕೇಳುತ್ತಿದ್ದರು. ನಾನು ಒಂದೂವರೆ ದಿನ ಆ ಕಲ್ಲಿನ ಮೇಲೆ ಕೂತಿದ್ದೆ. ಎದುರಿನ ಹೋಟೆಲಿನವನು ಎರಡು ಸಲ ಕರೆದು ಕಾಫಿ ಕೊಟ್ಟ. ಕುಡಿದೆ. ಕೂಸು ಹಸಿದರೆ ಹಾಲು ಕೊಟ್ಟೆ. ಎರಡನೇ ದಿನ ಸಂಜೆ ಮಾವ ಹೊರಗೆ ಬಂದು ನನ್ನ ಮುಂದೆ ನಿಂತರು, ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು.

ಡಾಕ್ಟರು ಹೇಳಿದ್ದನ್ನು ಮಾವನಿಂದ ಕೇಳಿಕೊಂಡು ಗಂಡ ನನಗೆ ಹೇಳಿದರು. ಫ್ಲೂ ಆದ ಮೇಲೆ ಅವಳ ಲಿವರ್ ಕೆಲಸ ನಿಲ್ಲಿಸಿತ್ತು. ಅದು ತೆಗೆದುಹಾಕಬೇಕಾದ ವಿಷವೆಲ್ಲ ರಕ್ತದಲ್ಲಿ ಉಳಿದು ಮಿದುಳಿಗೆ ಏರಿತ್ತು. ಕಚ್ಚಿದ್ದು, ಬೈದದ್ದು ಎಲ್ಲ ಅದೇ. ಈ ಕಾಯಿಲೆಯಲ್ಲಿ ಕಣ್ಣು ಹಳದಿಯಾಗುವುದಿಲ್ಲವಂತೆ. ಒಂದು ದಿನ ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರಂತೆ.

ಒಂದು ದಿನ. ನಾನು ಅಷ್ಟನ್ನೇ ಕೇಳಿಸಿಕೊಂಡೆ. ಅವಳನ್ನು ಹೊಲದ ಬದಿಯಲ್ಲಿ ಮಣ್ಣು ಮಾಡಿ ಬಂದ ಮೇಲೆ, ಎಲ್ಲರೂ ಕೂತಿದ್ದ ಪಡಸಾಲೆಯಲ್ಲಿ ಮಾವನ ಮುಖಕ್ಕೆ ಹೇಳಿದೆ, "ನಿಮ್ಮ ಅಕ್ಕಿ ನನ್ನ ಮಗಳನ್ನ ತಿಂತು." ನಂಟರು ನನ್ನ ಬಾಯಿ ಮುಚ್ಚಿಸಲು ಬಂದರು. ಮಾವ ಅವರನ್ನು ತಡೆದು, "ಬಿಡ್ರಿ, ಅಂದ್ಕಳ್ಳಿ. ಖರೇನೇ ಐತೆ" ಎಂದರು. ಅಲ್ಲಿಂದ ನಾನು ಅವರ ಜೊತೆ ಮಾತು ಬಿಟ್ಟೆ.

ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಹೆಂಗಸರು ಬಂದು, ಅತ್ತುಬಿಡು, ಎದೆ ಹಗುರಾಗುತ್ತದೆ ಎಂದು ಬೆನ್ನು ತಟ್ಟುತ್ತಿದ್ದರು. ನನಗೆ ಅವರ ಕೈ ಬೆನ್ನಿಗೆ ತಾಗುತ್ತಿದೆ ಎನ್ನುವುದು ಮಾತ್ರ ತಿಳಿಯುತ್ತಿತ್ತು. ಬೆಳಿಗ್ಗೆ ಎದ್ದು ಕಸ ಗುಡಿಸುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ, ಕೂಸಿಗೆ ನೀರು ಹಾಕುತ್ತಿದ್ದೆ. ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಸಾರಿನ ರುಚಿ ನೋಡಿದರೂ ಗೊತ್ತಾಗುತ್ತಿರಲಿಲ್ಲ. ನನ್ನ ಗಂಡ ಒಮ್ಮೆ, "ನಿಂಗೆ ಅವ್ಳ ನೆನಪಾದ್ರೂ ಐತಾ?" ಎಂದು ಕೇಳಿಬಿಟ್ಟರು. ನೆನಪಿತ್ತು. ಅದರಿಂದ ಏನೂ ಆಗುತ್ತಿರಲಿಲ್ಲ. ಮರಗಟ್ಟಿದ ಕಾಲಿನ ಹಾಗೆ, ಇದೆ ಎಂದು ಗೊತ್ತು, ಊರಿದರೆ ನೆಲ ತಿಳಿಯುವುದಿಲ್ಲ.

ಗುಳಿಗೆಯ ವಿಷಯ ನಾನು ಯಾರಿಗೂ ಹೇಳಲಿಲ್ಲ. ಮುಚ್ಚಿಟ್ಟೆ ಎಂದು ಹೇಳಲಾರೆ, ಅದು ಹೇಳಬೇಕಾದ ಮಾತೆಂದೇ ಅನ್ನಿಸಿರಲಿಲ್ಲ. ಜ್ವರಕ್ಕೆ ಗುಳಿಗೆ ಕೊಟ್ಟಿದ್ದೆ, ಜ್ವರ ಬಿಟ್ಟಿತ್ತು. ತಪ್ಪು ಮಾಡಿದ ಮನುಷ್ಯ ಕಣ್ಣೆದುರಿಗೇ ಓಡಾಡಿಕೊಂಡಿರುವಾಗ ಬೇರೆ ಕಡೆ ಯಾಕೆ ಹುಡುಕಲಿ?

ಮಾವ ಔಷಧಿ ಕೊಡುವುದನ್ನು ನಿಲ್ಲಿಸಲಿಲ್ಲ, ಆದರೆ ಕ್ರಮ ಬದಲಾಯಿತು. ಬಂದವರಿಗೆಲ್ಲ ಮೊದಲು "ಡಾಕ್ಟ್ರಿಗೆ ತೋರ್ಸಿದ್ರಾ? ಚೀಟಿ ಐತಾ?" ಎಂದು ಕೇಳತೊಡಗಿದರು. ಚೀಟಿ ಇಲ್ಲದವರನ್ನು ಅದೇ ಬಸ್ಸಿಗೆ ಹೊನ್ನಾಳಿಗೆ ಕಳಿಸುತ್ತಿದ್ದರು. ಅಕ್ಕಿ ಪರೀಕ್ಷೆ ನಿಂತೇ ಹೋಯಿತು. ಜನ ಗೊಣಗಿದರು, ಡಾಕ್ಟರ ಹತ್ತಿರವೇ ಹೋಗುವುದಾದರೆ ನಿಮ್ಮ ಹತ್ತಿರ ಯಾಕೆ ಬರಬೇಕಿತ್ತು ಎಂದರು. ಬರುವವರು ಕಡಿಮೆಯಾಗಿ, ಜಗಲಿಯಲ್ಲಿ ಗುರುವಾರದ ಬೆಳಿಗ್ಗೆಯೂ ಒಬ್ಬಿಬ್ಬರು ಕೂತಿರುತ್ತಿದ್ದರು. ನಾನು ಅದನ್ನು ನೋಡಿ, ಹಾಗೇ ಆಗಬೇಕು ಎಂದುಕೊಳ್ಳುತ್ತಿದ್ದೆ.

ಹೀಗೆ ಏಳು ವರ್ಷ ಹೋಯಿತು.

ನನ್ನ ಅಕ್ಕನನ್ನು ಚನ್ನಗಿರಿಗೆ ಕೊಟ್ಟಿತ್ತು. ಒಂದು ಸಲ ಮಗನನ್ನು ಕರೆದುಕೊಂಡು ಅವಳ ಮನೆಗೆ ಹೋದಾಗ, ಅವಳ ಮೊಮ್ಮಗುವಿಗೆ ಜ್ವರ. ನಾಲ್ಕು ವರ್ಷದ ಹುಡುಗಿ. ಊರಿನಲ್ಲಿ ಮತ್ತೆ ಫ್ಲೂ ಓಡಾಡುತ್ತಿತ್ತು. ಅಕ್ಕ ಕೈಚೆಲ್ಲಿ ಕೂತಿದ್ದಳು. "ಅರ್ಧ ಗುಳಿಗೆ ಬೆಲ್ಲದಾಗೆ ಕೊಡು, ತಾಸಿನಾಗೆ ಇಳೀತೈತೆ" ಎಂದು ಹೇಳಿದವಳು ನಾನೇ. ಅಕ್ಕ ಪುಡಿ ಮಾಡುತ್ತಿದ್ದಳು. ಅಷ್ಟರಲ್ಲಿ ಹಿಂದಿನ ವಠಾರದಲ್ಲಿ ಬಾಡಿಗೆಗಿದ್ದ ಒಬ್ಬ ಲೇಡಿ ಡಾಕ್ಟರು, ಮಗುವನ್ನು ನೋಡಿ ಹೋಗಲು ಬಂದರು. ಇನ್ನೂ ಎಳೆ ವಯಸ್ಸು, ಕಾಲೇಜು ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಬಟ್ಟಲಿನಲ್ಲಿದ್ದ ಬಿಳಿ ಪುಡಿ ನೋಡಿ ಇದೇನೆಂದು ಕೇಳಿದರು. ಗುಳಿಗೆಯ ಕಾಗದ ತೋರಿಸಿದೆ.

"ಅಯ್ಯೋ, ಇದನ್ನ ಮಕ್ಕಳಿಗೆ ಕೊಡಬಾರದು ರೀ! ಯಾರು ಹೇಳಿದ್ದು ನಿಮಗೆ?" ಎಂದು ಬಟ್ಟಲನ್ನು ಎತ್ತಿ ದೂರ ಇಟ್ಟರು.

"ಯಾಕ್ರೀ? ನಾವೆಲ್ಲ ಇದನ್ನೇ ತಿಂದು ಬೆಳೆದಿದ್ದು" ಎಂದೆ.

ಅವರು ಕೂತು ನಿಧಾನವಾಗಿ ಹೇಳಿದರು. ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದರು. ಫ್ಲೂ ಎಂದರೆ ಮೂಗು, ಗಂಟಲಿನ ಕಾಯಿಲೆ ಎಂದು ಜನ ತಿಳಿಯುತ್ತಾರೆ, ಅದು ಲಿವರಿಗೂ ಒಂದಿಷ್ಟು ತಾಗುವುದುಂಟು. ಹೆಚ್ಚಿನವರಲ್ಲಿ ಯಾರಿಗೂ ಗೊತ್ತಾಗದ ಹಾಗೆ ತಾನೇ ಸರಿಹೋಗುತ್ತದೆ. ಆದರೆ ಆಸ್ಪಿರಿನ್ ಕೊಟ್ಟ ಮಕ್ಕಳಲ್ಲಿ ಎಲ್ಲೋ ಒಂದಕ್ಕೆ, ಜ್ವರ ಬಿಟ್ಟು ಇನ್ನೇನು ಚೇತರಿಸಿಕೊಂಡಿತು ಎನ್ನುವಾಗ ಲಿವರಿನ ತುಂಬ ಕೊಬ್ಬು ಸೇರಿ ಅದು ಕೆಲಸ ನಿಲ್ಲಿಸಿಬಿಡುತ್ತದೆ. ಬಿಡದೆ ವಾಂತಿ, ಮಂಪರು, ಆಮೇಲೆ ಹುಚ್ಚು ಹಿಡಿದವರಂತೆ ಕೂಗಾಡುವುದು. "ಕಣ್ಣು ಹಳದಿ ಆಗಲ್ಲ ನೋಡಿ, ಹಾಗಾಗಿ ಲಿವರ್ ಅಂತ ಯಾರಿಗೂ ಹೊಳೆಯೋದೇ ಇಲ್ಲ" ಎಂದರು.

"ಎಲ್ಲಾ ಮಕ್ಕಳಿಗೂ ಆಗ್ತೈತಾ?"

"ಇಲ್ಲ ರೀ, ಬಹಳ ಅಪರೂಪ. ಯಾವ ಮಗುವಿಗೆ ಅಂತ ಮೊದಲೇ ಹೇಳೋಕಾಗಲ್ಲ. ಅದಕ್ಕೇ ಕೊಡಬಾರದು ಅನ್ನೋದು."

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ನನ್ನ ಮಗಳ ವಾಂತಿ, ಮಂಪರು ಎಲ್ಲ ಗೊತ್ತಿತ್ತು, ಗುಳಿಗೆ ಗೊತ್ತಿರಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದೆ. ಎಷ್ಟು ಹೊತ್ತು ತೊಳೆದೆನೋ, ಮಗ ಬಂದು ಯಾಕವ್ವ ಎಂದು ಕೇಳಿದ. ಇವನಿಗೂ ಎಷ್ಟು ಸಲ ಅದೇ ಗುಳಿಗೆ ಕೊಟ್ಟಿದ್ದೆ. ಇವನು ಎದುರಿಗೆ ನಿಂತಿದ್ದ.

ಮರುದಿನ ಬೆಳಗಿನ ಬಸ್ಸಿಗೆ ಊರಿಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಹೇಳುವುದೋ, ಬಿಡುವುದೋ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾವನಿಗೆ ಎಪ್ಪತ್ತು ದಾಟಿತ್ತು, ಅಕ್ಕಿಯ ಪಾಪ ಹೊತ್ತುಕೊಂಡೇ ಹೋಗಿಬಿಡುತ್ತಿದ್ದರು. ಹೇಳಿದರೆ ಮಗಳನ್ನು ಕೊಂದವಳು ನಾನು ಎಂದು ನನ್ನ ಬಾಯಿಂದಲೇ ಹೇಳಬೇಕು. ನನಗೆ ಹೆದರಿಕೆಯಾಗಿತ್ತು. ಏಳು ವರ್ಷದಲ್ಲಿ ಮೊದಲ ಸಲ ಮನಸ್ಸಿಗೆ ಏನೋ ಒಂದು ತಾಗಿದೆ ಎಂಬುದೂ ಗೊತ್ತಾಯಿತು.

ಮಾವ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಗಂಡ ಶಾಲೆಗೆ ಹೋಗಿದ್ದರು. ಮಗನನ್ನು ಒಳಗೆ ಕಳಿಸಿ, ಚೀಲವನ್ನು ಕೆಳಗಿಟ್ಟು ಕಂಬದ ಹತ್ತಿರ ನಿಂತೆ.

"ನಿಮ್ಮ ಅಕ್ಕಿಯಿಂದ ಅಲ್ಲ. ನಾನು ಗುಳಿಗೆ ಕೊಟ್ಟಿದ್ದೆ. ಜ್ವರದಾಗೆ, ನಾಲ್ಕು ದಿನ, ನಿಮಗೆ ಗೊತ್ತಿಲ್ದಂಗೆ. ಅದ್ರಿಂದ ಅವ್ಳ ಲಿವರ್ ಹೋತು. ಚನ್ನಗಿರಿಯಾಗೆ ಡಾಕ್ಟ್ರು ಹೇಳಿದ್ರು" ಎಂದೆ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತು, ಒಂದೇ ಉಸಿರಿಗೆ ಮುಗಿಯಿತು.

ಅವರು ಕೈಯಲ್ಲಿದ್ದ ಹುಣಸೆಹಣ್ಣನ್ನು ಮೊರದ ಮೇಲೆ ಇಟ್ಟರು.

"ಗೊತ್ತೈತೆ ಬಿಡವ್ವ" ಎಂದರು.

ನನಗೆ ಅರ್ಥವಾಗಲಿಲ್ಲ.

"ಕೂಸು ಮೊದಲ್ನೇ ದಿನಾನೇ ಹೇಳಿತ್ತು. ಅವ್ವ ಬೆಲ್ಲದಾಗೆ ಗುಳಿಗೆ ಕೊಡ್ತಾಳೆ, ನಿಂಗೆ ಹೇಳಬ್ಯಾಡ ಅಂದಾಳೆ ಅಂತ. ಜ್ವರ ಇಳೀತಿತ್ತು. ನಾನೂ ಸುಮ್ನಾದೆ. ಶಿವಮೊಗ್ಗದಾಗೆ ಡಾಕ್ಟ್ರು ಕೇಳಿದ್ರು, ಏನಾರ ಗುಳಿಗೆ ಕೊಟ್ಟಿದ್ರಾ, ಎಷ್ಟು ಕೊಟ್ಟಿದ್ರಿ ಅಂತ. ಇದ್ರಿಂದ ಹಿಂಗಾಗಿರಬೌದು ಅಂದ್ರು."

"ನೀವೇನಂದ್ರಿ?"

"ನಾನೇ ಕೊಟ್ಟೆ ಅಂದೆ. ಬರ್ಕಂಡ್ರು."

"ನಂಗೆ ಯಾಕೆ ಹೇಳ್ಲಿಲ್ಲ?"

ಅವರು ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತಿದ್ದರು. "ಎದಿ ಮ್ಯಾಲೆ ಇನ್ನೊಂದು ಕೂಸ್ ಇತ್ತಲ್ಲವ್ವ. ಅವತ್ತು ಹೇಳಿದ್ರೆ ನಿಂಗೆ ಹಾಲು ಬತ್ತೋಗ್ತಿತ್ತು. ಅದನ್ನೂ ಕಳ್ಕಬೇಕಾಗಿತ್ತು" ಎಂದರು.

ಮಗ ಹಾಲು ಬಿಟ್ಟು ಐದು ವರ್ಷದ ಮೇಲಾಗಿತ್ತು. ಬಿಟ್ಟ ದಿನವೇ ಹೇಳಬಹುದಿತ್ತಲ್ಲ ಎಂದು ಒಂದು ಗಳಿಗೆ ಸಿಟ್ಟು ಬಂತು. ಹೇಳಲು ನಾನೆಲ್ಲಿ ಅವರ ಮುಂದೆ ನಿಲ್ಲುತ್ತಿದ್ದೆ? ತಟ್ಟೆ ಇಟ್ಟು, ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದೆ. ನಾನಿಟ್ಟ ಅನ್ನವನ್ನು ಅವರು ತಲೆ ಎತ್ತದೆ ಉಣ್ಣುತ್ತಿದ್ದರು. ಒಳಗಿನಿಂದ ಅದನ್ನು ನೋಡಿ, ತಪ್ಪು ಮಾಡಿದವರ ತಲೆ ಹೀಗೇ ಬಗ್ಗಿರಬೇಕು ಎಂದು ಏಳು ವರ್ಷ ನಾನು ಸಮಾಧಾನ ಪಟ್ಟುಕೊಂಡಿದ್ದೆ.